ಪಂಚಪಾಂಡವರಲ್ಲೊಬ್ಬ ಅಹಮದ್ ಖಾನ್

ಕಳೆದ ವರ್ಷ ಒಂಬತ್ತನೆಯ ತರಗತಿಯಲ್ಲಿ ಕನ್ನಡ ಪಾಠ ಮಾಡುವಾಗ ಮಹಾಭಾರತದ ಪ್ರಸ್ತಾಪ ಬಂತು. ಪಾಂಡವರು ಎಷ್ಟು ಮಂದಿ, ಅವರ ಹೆಸರೇನು ಎಂದು ಕೇಳಿದೆ. ಭೀಮನಬೀಡಿನಿಂದ ಬರುವ ಹುಡುಗನೊಬ್ಬ ಎದ್ದು ನಿಂತು ಭೀಮನಿಂದಲೇ ಶುರು ಮಾಡಿದ. ಊರಿನ ಹೆಸರಿನಲ್ಲೇ ಭೀಮನಿರುವಾಗ ಅವನು ಧರ್ಮರಾಯನಿಂದ ಶುರು ಮಾಡಬೇಕೆಂದು ನಾನೂ ಒತ್ತಾಯಿಸಲಿಲ್ಲ. ಐದು ಹೆಸರು ಮುಗಿದ ಮೇಲೆ ನಾನು ಕಪ್ಪುಹಲಗೆಯ ಮೇಲೆ ಇನ್ನೊಂದು ಪಟ್ಟಿ ಬರೆದೆ: ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹಮದ್ ಖಾನ್. "ಇವರೂ ಪಂಚಪಾಂಡವರೇ" ಎಂದೆ. ಮಕ್ಕಳು ನಕ್ಕರು. ಪಾಂಡವರಲ್ಲಿ ಖಾನ್ ಎಲ್ಲಿಂದ ಬಂದ ಎಂದು ಒಬ್ಬಳು ಕೇಳಿದಳು.

ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ. ನಮ್ಮ ಸಂಘದ ವಾರ್ಷಿಕ ಸಂಚಿಕೆಗಳಲ್ಲಿ ವಿದ್ವಾಂಸರ, ಕವಿಗಳ, ಸ್ವಾತಂತ್ರ್ಯ ಹೋರಾಟಗಾರರ ಪರಿಚಯ ಬಂದಿವೆ. ಆಟಗಾರರ ಪರಿಚಯ ಬಂದದ್ದು ಕಡಿಮೆ. ಆಟ ಎಂದರೆ ಓದಿಗೆ ಅಡ್ಡಿ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಇದೆ. ಶಿಕ್ಷಕನಾದ ನನ್ನಲ್ಲೂ ಅದು ಇತ್ತು. ಅದರಿಂದ ನಾನು ಮಾಡಿದ ಒಂದು ತಪ್ಪನ್ನು ಈ ಬರಹದ ಕೊನೆಯಲ್ಲಿ ಹೇಳುತ್ತೇನೆ. ಮೊದಲು ಇತಿಹಾಸ.

ದಂಡಿನ ಊರಿನ ಆಟ

ಫುಟ್‌ಬಾಲ್ ನಮ್ಮ ರಾಜ್ಯಕ್ಕೆ ಬಂದದ್ದು ಬ್ರಿಟಿಷ್ ಸೈನಿಕರ ಜೊತೆಯಲ್ಲಿ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೀಡುಬಿಟ್ಟಿದ್ದ ಗೋರಾ ಪಲ್ಟನ್‌ಗಳು ಸಂಜೆ ಹೊತ್ತು ಮೈದಾನದಲ್ಲಿ ಆಡುತ್ತಿದ್ದವು. ಸುತ್ತಲಿನ ಕೇರಿಗಳ ಹುಡುಗರು ಗೆರೆಯ ಹೊರಗೆ ನಿಂತು ನೋಡುತ್ತಿದ್ದರು. ಅವರಲ್ಲಿ ತಮಿಳರು, ಕನ್ನಡಿಗರು, ತೆಲುಗರು, ದಖನಿ ಉರ್ದು ಮಾತನಾಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು ಎಲ್ಲರೂ ಇದ್ದರು. ಸೈನಿಕರಿಗೆ ಬೂಟು ಇತ್ತು, ಈ ಹುಡುಗರಿಗೆ ಇರಲಿಲ್ಲ. ಕೆಂಪು ಮಣ್ಣಿನ ಗಟ್ಟಿ ನೆಲದ ಮೇಲೆ ಬರಿಗಾಲಿನಲ್ಲೇ ಆಡಿ ಅವರ ಪಾದಗಳು ಚೆಂಡಿನ ಸ್ವಭಾವವನ್ನು ಚೆನ್ನಾಗಿ ಅರಿತುಕೊಂಡವು.

1911ರಲ್ಲಿ ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಷೀಲ್ಡ್ ಗೆದ್ದಿತು. ಈ ಸಂಗತಿ ಪಠ್ಯಪುಸ್ತಕಗಳಲ್ಲೂ ಸಿಗುತ್ತದೆ. ಆದರೆ ನಮ್ಮ ರಾಜ್ಯದ ತಂಡವೊಂದು ಮಾಡಿದ ಸಾಧನೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಬೊಂಬಾಯಿಯ ರೋವರ್ಸ್ ಕಪ್ 19ನೆಯ ಶತಮಾನದ ಕೊನೆಯಿಂದ ನಡೆದುಬಂದ ಪಂದ್ಯಾವಳಿ. ಸುಮಾರು 45 ವರ್ಷ ಅದನ್ನು ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತ ಬಂದವು. 1937ರಲ್ಲಿ ಆ ಸರಪಳಿಯನ್ನು ಮುರಿದ ಮೊದಲ ಭಾರತೀಯ ತಂಡ 'ಬೆಂಗಳೂರು ಮುಸ್ಲಿಮ್ಸ್'. ಮರುವರ್ಷ 1938ರಲ್ಲಿ ಮತ್ತೆ ಗೆದ್ದಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮೂರನೆಯ ಬಾರಿ ಕಪ್ ಎತ್ತಿತು.

ಅದೇ ಕಾಲದಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ವರ್ಷ ಅಲ್ಲಿನ ಲೀಗ್ ಗೆದ್ದಿತ್ತು. ಆ ತಂಡ ಆಟಗಾರರನ್ನು ಹುಡುಕಿದ್ದು ಬಂಗಾಳದಲ್ಲಿ ಮಾತ್ರವಲ್ಲ. ಬೆಂಗಳೂರಿಗೂ ಅದರ ಜನ ಬಂದರು. ಹೀಗೆ ದಂಡಿನ ಕೇರಿಗಳ ಹುಡುಗರಿಗೆ ಕಲ್ಕತ್ತೆಯ ದಾರಿ ತೆರೆಯಿತು. ಮನೆಯಲ್ಲಿ ಕಷ್ಟ, ಕಾಲಿನಲ್ಲಿ ಆಟ, ದೂರದ ಊರಿನಲ್ಲಿ ಕೂಳು ಮತ್ತು ಹೆಸರು: ಈ ಕಥೆ ಅಂದಿನಿಂದಲೂ ಇದೆ.

ಬರಿಗಾಲಿನ ಹುಡುಗ

ಅಹಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ತಂದೆ ಆಟಗಾರರು. ಅಣ್ಣತಮ್ಮಂದಿರೂ ಆಟಗಾರರು. ಬೇರೆ ಮನೆಗಳಲ್ಲಿ ಅಪ್ಪನ ಅಂಗಡಿಯನ್ನು ಮಕ್ಕಳು ಮುಂದುವರಿಸುವಂತೆ ಈ ಮನೆಯಲ್ಲಿ ಆಟ ಮುಂದುವರಿಯಿತು. ಬೆಂಗಳೂರು ಕ್ರೆಸೆಂಟ್ಸ್, ಬೆಂಗಳೂರು ಮುಸ್ಲಿಮ್ಸ್ ತಂಡಗಳಲ್ಲಿ ಆಡುತ್ತ ಅಹಮದ್ ಬೆಳೆದರು. ಎಡಬದಿಯ 'ಇನ್‌ಸೈಡ್ ಲೆಫ್ಟ್' ಅವರ ಜಾಗ. ಅಂದರೆ ಮುನ್ನುಗ್ಗುವವರ ಸಾಲಿನಲ್ಲಿ ನಡುವಿನ ಆಟಗಾರನಿಗೂ ಅಂಚಿನ ಆಟಗಾರನಿಗೂ ಮಧ್ಯೆ ಇದ್ದು, ಚೆಂಡನ್ನು ಹಿಂದಿನಿಂದ ತಂದು ಮುಂದಿನವರಿಗೆ ಒಪ್ಪಿಸುವ ಕೆಲಸ. ತಾನು ಗೋಲು ಹೊಡೆಯುವುದಕ್ಕಿಂತ ಬೇರೆಯವರು ಹೊಡೆಯುವಂತೆ ಮಾಡುವುದೇ ಈ ಜಾಗದ ಹೊಣೆ.

ಅವರ ಕಾಲಿಗೆ ಸಿಕ್ಕ ಚೆಂಡು ಎದುರಾಳಿಗೆ ಕಾಣುತ್ತಿತ್ತು, ಆದರೆ ಸಿಗುತ್ತಿರಲಿಲ್ಲ. ಪುಂಗಿಯ ಮುಂದೆ ಹಾವು ಆಡುವಂತೆ ಚೆಂಡು ಅವರು ಹೇಳಿದಂತೆ ಕೇಳುತ್ತದೆ ಎಂದು ನೋಡಿದವರು ಬೆರಗಾದರು. ಹಾಗಾಗಿಯೇ 'ಹಾವಾಡಿಗ' ಎಂಬ ಅಡ್ಡಹೆಸರು ಅವರಿಗೆ ಬಂತು. ಬೂಟು ಹಾಕಿದ ಕಾಲಿಗೆ ಚೆಂಡು ತಗಲಿದ್ದು ತಿಳಿಯುತ್ತದೆ. ಬರಿಗಾಲಿಗೆ ಚೆಂಡಿನ ಹೊಲಿಗೆ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಅಹಮದ್ ಅವರ ಕೈಚಳಕ, ಅಲ್ಲ, ಕಾಲ್ಚಳಕ ಅಲ್ಲಿಂದ ಬಂದದ್ದು.

ಲಂಡನ್, 1948

ದೇಶ ಸ್ವತಂತ್ರವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸ್‌ಗೆ ಹೋದ ಫುಟ್‌ಬಾಲ್ ತಂಡದಲ್ಲಿ 21 ವರ್ಷದ ಅಹಮದ್ ಖಾನ್ ಇದ್ದರು. ತಂಡದ ನಾಯಕ ನಾಗಾ ನಾಡಿನ ವೈದ್ಯ ತಾಲಿಮೆರೆನ್ ಆವೋ. ಈ ಹೆಸರನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದ ನಾಯಕನು ಆಟದ ಜೊತೆಗೆ ವೈದ್ಯಕೀಯ ಓದಿದವನು.

1948ರ ಜುಲೈ 31ರಂದು ಇಲ್‌ಫರ್ಡ್ ಎಂಬಲ್ಲಿ ಭಾರತಕ್ಕೆ ಫ್ರಾನ್ಸ್ ಎದುರಾಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡಿದ್ದರು. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ನಮ್ಮ ನಾಡಿನ ಆಟಗಾರನ ಕಾಲಿನಿಂದ ಬಂದದ್ದು ಎಂಬುದು ನಮಗೆ ಹೆಮ್ಮೆ. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಪಂದ್ಯ ಮುಗಿಯಲು ಒಂದು ನಿಮಿಷ ಇದ್ದಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತರೂ ನೆರೆದಿದ್ದ ಇಂಗ್ಲಿಷರು ಬರಿಗಾಲಿನ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಬೂಟು ಏಕಿಲ್ಲ ಎಂದು ಕೇಳಿದವರಿಗೆ ನಾಯಕ ಆವೋ, ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಎಂಬರ್ಥದಲ್ಲಿ ಉತ್ತರಿಸಿದರೆಂಬ ಮಾತು ಪ್ರಸಿದ್ಧವಾಗಿದೆ.

ಮರುವರ್ಷ 1949ರಲ್ಲಿ ಇಂಗ್ಲೆಂಡಿಗೆ ಇನ್ನೊಂದು ಬರಿಗಾಲಿನ ತಂಡ ಬಂತು. ಅದು ಆಗಿನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ನೈಜೀರಿಯಾದ ತಂಡ. ಅದರಲ್ಲಿದ್ದ ಲಾಗೋಸ್ ನಗರದ ತೆಸ್ಲಿಮ್ ಬಲೋಗನ್ ಎಂಬ ಯುವಕನ ಹೊಡೆತಕ್ಕೆ 'ಗುಡುಗು' ಎಂದೇ ಹೆಸರು. ಕೆಲವು ವರ್ಷಗಳ ನಂತರ ಬಲೋಗನ್ ಇಂಗ್ಲೆಂಡಿಗೆ ಮರಳಿ ಪೀಟರ್‌ಬರೋ ಯುನೈಟೆಡ್ ಮತ್ತು ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡಗಳಲ್ಲಿ ಸಂಬಳದ ಆಟಗಾರನಾದ. ಅಲ್ಲಿ ಆಡಿದ ಮೊದಮೊದಲ ನೈಜೀರಿಯನ್ನರಲ್ಲಿ ಆತನೂ ಒಬ್ಬ. ಆಟ ಮುಗಿದ ಮೇಲೆ ತರಬೇತುದಾರನ ಅರ್ಹತೆ ಪಡೆದು ತನ್ನ ನಾಡಿಗೆ ಹೋಗಿ ಹುಡುಗರಿಗೆ ಕಲಿಸಿದ. ಲಾಗೋಸ್‌ನಲ್ಲಿ ಇಂದು ಆತನ ಹೆಸರಿನ ಕ್ರೀಡಾಂಗಣ ಇದೆ.

ಬಲೋಗನ್ ಮತ್ತು ಅಹಮದ್ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೆ ಇಬ್ಬರೂ ಒಂದೇ ದೊರೆತನದ ಕೆಳಗೆ, ದೊರೆಗಳ ಆಟವನ್ನು ಬೂಟಿಲ್ಲದೆ ಕಲಿತವರು. ಇಬ್ಬರೂ ಆಟಕ್ಕಾಗಿ ಊರು ಬಿಟ್ಟವರು. ಅದಕ್ಕೇ ಇಬ್ಬರ ಹೆಸರನ್ನೂ ಜೊತೆಯಲ್ಲಿ ಹೇಳಿದೆ.

ಕಲ್ಕತ್ತೆಯ ಪಾಂಡವರು

1949ರಲ್ಲಿ ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿದರು. ಅಲ್ಲಿ ಮುನ್ನುಗ್ಗುವ ಐವರ ಸಾಲು ಪೂರ್ತಿ ದಕ್ಷಿಣ ಭಾರತದವರದ್ದಾಯಿತು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಈ ಐವರಿಗೆ ಬಂಗಾಳಿಗಳು ಕೊಟ್ಟ ಹೆಸರು 'ಪಂಚಪಾಂಡವ'. ಅದೇ ವರ್ಷ ತಂಡ ಕಲ್ಕತ್ತೆ ಲೀಗ್, ಐಎಫ್‌ಎ ಷೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಷೀಲ್ಡನ್ನು 1949, 1950, 1951 ಹೀಗೆ ಸತತ ಮೂರು ವರ್ಷ ಗೆದ್ದಿತು. 1951 ಮತ್ತು 1952ರಲ್ಲಿ ದಿಲ್ಲಿಯ ಡ್ಯೂರಾಂಡ್ ಕಪ್ ಕೂಡ ಅವರದಾಯಿತು. 1953ರಲ್ಲಿ ತಂಡ ರುಮೇನಿಯಾ ಮತ್ತು ಸೋವಿಯತ್ ದೇಶದ ಪ್ರವಾಸ ಮಾಡಿತು. ಮಾಸ್ಕೋದ ಟಾರ್ಪೆಡೊ ತಂಡದೊಡನೆ 3-3ರ ಸಮ ಸಾಧಿಸಿತು.

ಇಷ್ಟನ್ನು ಯಾವುದೇ ಕ್ರೀಡಾ ಪುಸ್ತಕ ಹೇಳುತ್ತದೆ. ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದದ್ದು ಬೇರೊಂದಿದೆ. ಅದು ಎಂಥ ಕಾಲ? ದೇಶ ಇಬ್ಭಾಗವಾಗಿ ಎರಡೇ ವರ್ಷ ಆಗಿತ್ತು. 1920ರಲ್ಲಿ ಸ್ಥಾಪನೆಯಾದ ಈಸ್ಟ್ ಬೆಂಗಾಲ್, ಹೆಸರೇ ಹೇಳುವಂತೆ, ಪೂರ್ವ ಬಂಗಾಳದ ಮೂಲದವರ ತಂಡ. ಆ ಪೂರ್ವ ಬಂಗಾಳ ಈಗ ಪಾಕಿಸ್ತಾನವಾಗಿತ್ತು. ಅಲ್ಲಿಂದ ಮನೆ, ಹೊಲ, ಬಂಧುಗಳನ್ನು ಕಳೆದುಕೊಂಡ ಹಿಂದೂ ನಿರಾಶ್ರಿತರು ಲಕ್ಷ ಲಕ್ಷ ಸಂಖ್ಯೆಯಲ್ಲಿ ಕಲ್ಕತ್ತೆಗೆ ಬರುತ್ತಿದ್ದರು. 1950ರ ಆರಂಭದಲ್ಲಿ ಎರಡೂ ಬಂಗಾಳಗಳಲ್ಲಿ ಮತ್ತೆ ಗಲಭೆಗಳಾದವು. ಇಲ್ಲಿಂದ ಮುಸ್ಲಿಮರು ಅಲ್ಲಿಗೆ, ಅಲ್ಲಿಂದ ಹಿಂದೂಗಳು ಇಲ್ಲಿಗೆ ಓಡಿದರು. ಆ ವರ್ಷ ಏಪ್ರಿಲ್‌ನಲ್ಲಿ ನೆಹರೂ ಮತ್ತು ಲಿಯಾಕತ್ ಅಲಿ ಖಾನ್ ಅಲ್ಪಸಂಖ್ಯಾತರ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು.

ಇಂಥ ದಿನಗಳಲ್ಲಿ, ಎಲ್ಲವನ್ನೂ ಕಳೆದುಕೊಂಡ ಆ ಜನರಿಗೆ ಸಂಜೆ ಮೈದಾನದಲ್ಲಿ ಸಿಗುತ್ತಿದ್ದ ಸಂತೋಷ ಈಸ್ಟ್ ಬೆಂಗಾಲ್‌ನ ಕೆಂಪು ಮತ್ತು ಹೊಂಬಣ್ಣದ ಅಂಗಿ. ಆ ಅಂಗಿ ತೊಟ್ಟು ಅವರ ಪರವಾಗಿ ಆಡುತ್ತಿದ್ದವರಲ್ಲಿ ಒಬ್ಬ ಬೆಂಗಳೂರಿನ ಅಹಮದ್, ಇನ್ನೊಬ್ಬ ತಿರುವಾಂಕೂರು ಕಡೆಯ ಸಾಲೆ. ಇಬ್ಬರೂ ಮುಸ್ಲಿಮರು. ಆ ಜನ ಇವರನ್ನು ಪಾಂಡವರೆಂದೇ ಕರೆದರು, ಐವರನ್ನೂ ಒಂದೇ ಹೆಸರಿನಲ್ಲಿ ಸೇರಿಸಿ ಕೂಗಿದರು. ಸಭೆ ನಡೆಸಿ ಯಾರೋ ನಿರ್ಣಯ ಮಾಡಿದ್ದಲ್ಲ ಇದು. ಚೆಂಡು ಗೋಲಿನೊಳಗೆ ಹೋದಾಗ ಪಕ್ಕದಲ್ಲಿ ನಿಂತವನನ್ನು ಜನ ತಾವಾಗಿ ತಬ್ಬಿಕೊಳ್ಳುತ್ತಾರಲ್ಲ, ಹಾಗೆ ಆದದ್ದು. ಆಟದಿಂದ ಗಲಭೆ ನಿಂತಿತೆಂದು ನಾನು ಹೇಳುವುದಿಲ್ಲ. ಗಲಭೆಯ ನಡುವೆಯೂ ಇದು ನಡೆಯಿತು ಎಂದಷ್ಟೇ ಹೇಳುತ್ತೇನೆ. ತರಗತಿಯಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಇದೇ.

ಸಂಬಳವಿಲ್ಲದ ವೃತ್ತಿ

ಇಂದಿನ ಹುಡುಗರು ಕೇಳುತ್ತಾರೆ: ಅವರಿಗೆ ಎಷ್ಟು ಕೋಟಿ ಸಿಕ್ಕಿತು ಎಂದು. ಆಗ ಕಲ್ಕತ್ತೆಯ ಫುಟ್‌ಬಾಲ್ ಹೆಸರಿಗೆ ಹವ್ಯಾಸಿ ಆಟ. ಬಹಿರಂಗವಾಗಿ ಸಂಬಳ ಕೊಡುವಂತಿರಲಿಲ್ಲ. ಆಟಗಾರರಿಗೆ ವಾಸಕ್ಕೆ ಮೆಸ್, ಊಟ, ಒಂದಿಷ್ಟು ಭತ್ಯೆ, ಅದೃಷ್ಟವಿದ್ದರೆ ರೈಲ್ವೆ, ಬಂದರು, ಸುಂಕದ ಇಲಾಖೆಗಳಲ್ಲಿ ಒಂದು ನೌಕರಿ. ಮಂಡಿ ಮುರಿದರೆ ಭತ್ಯೆ ನಿಲ್ಲುತ್ತಿತ್ತು, ನೌಕರಿ ಇದ್ದವನಿಗೆ ಮಾತ್ರ ಜೀವನ ನಡೆಯುತ್ತಿತ್ತು. ಬೆಂಗಳೂರಿನಲ್ಲಿ ನಂತರ ಎಚ್‌ಎಎಲ್, ಐಟಿಐ ಮುಂತಾದ ಸರ್ಕಾರಿ ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ಕೆಲಸ ಕೊಟ್ಟಿದ್ದರಿಂದಲೇ ಎಷ್ಟೋ ಮನೆಗಳು ಉಳಿದವು. ನಮ್ಮ ದೇಶದಲ್ಲಿ ರಾಷ್ಟ್ರೀಯ ಲೀಗ್ ಶುರುವಾದದ್ದೇ 1996ರಲ್ಲಿ.

ಅಹಮದ್ ಖಾನ್ ಸುಮಾರು ಹತ್ತು ವರ್ಷ ಈಸ್ಟ್ ಬೆಂಗಾಲ್ ಪರವಾಗಿಯೇ ಆಡಿದರು. ಪಾಂಡವರ ಗುಂಪು ಚದುರಿದ ಮೇಲೂ ಅವರು ಉಳಿದರು, ತಂಡದ ನಾಯಕರೂ ಆದರು. ಊರು ಬಿಟ್ಟು ಹೋದವರು ಹೋದ ಊರಿಗೆ ನಿಷ್ಠರಾಗಿರುವುದು ಹೇಗೆ ಎಂಬುದಕ್ಕೆ ಇದು ಉದಾಹರಣೆ.

ದಿಲ್ಲಿ ಮತ್ತು ಹೆಲ್ಸಿಂಕಿ

1951ರಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ದಿಲ್ಲಿಯಲ್ಲಿ ನಡೆಯಿತು. ಇಂಡೋನೇಷ್ಯಾ ಮತ್ತು ಅಫ್ಘಾನಿಸ್ತಾನವನ್ನು ಸೋಲಿಸಿ ಅಂತಿಮ ಪಂದ್ಯಕ್ಕೆ ಬಂದ ಭಾರತ, ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಚಿನ್ನ ಗೆದ್ದಿತು. ಆ ತಂಡದಲ್ಲಿ ಅಹಮದ್ ಖಾನ್ ಇದ್ದರು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. 1952ರ ಜುಲೈ 15ರಂದು ಎದುರಾದದ್ದು ಯುಗೊಸ್ಲಾವಿಯಾ. ಆ ತಂಡ ಮುಂದೆ ಬೆಳ್ಳಿ ಪದಕ ಗೆದ್ದಿತು. ಚಳಿಯ ನಾಡು, ನಮ್ಮಲ್ಲಿ ಹಲವರು ಬರಿಗಾಲಿನವರು. ಬೆಂಗಳೂರಿನ ಒಣ ಮಣ್ಣಿನಲ್ಲಿ ವರವಾಗಿದ್ದ ಬರಿಗಾಲು ಅಲ್ಲಿ ಕೈಕೊಟ್ಟಿತು. ಭಾರತ 10-1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಅಹಮದ್ ಖಾನ್, ಪಂದ್ಯ ಮುಗಿಯುವ ಹೊತ್ತಿಗೆ.

ಹತ್ತು ಗೋಲು ತಿಂದ ಮೇಲೆ ಒಂದು ಗೋಲಿನಿಂದ ಏನು ಲಾಭ ಎಂದು ಮಕ್ಕಳು ಕೇಳಬಹುದು. ಫಲಿತಾಂಶಕ್ಕೆ ಲಾಭವಿಲ್ಲ. ಆದರೆ 89ನೆಯ ನಿಮಿಷದಲ್ಲೂ ಆತ ಚೆಂಡಿನ ಹಿಂದೆ ಓಡುತ್ತಿದ್ದ ಎಂಬುದನ್ನು ಆ ಗೋಲು ದಾಖಲಿಸುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಮೊದಲ ನಾಲ್ಕು ಪ್ರಶ್ನೆ ಗೊತ್ತಿಲ್ಲವೆಂದು ಉತ್ತರ ಪತ್ರಿಕೆ ಮಡಚಿಟ್ಟು ಎದ್ದು ಬರುವ ಮಕ್ಕಳನ್ನು ಕಂಡಾಗೆಲ್ಲ ನನಗೆ ಈ ಗೋಲು ನೆನಪಾಗುತ್ತದೆ.

ಆ ಸೋಲಿನ ನಂತರ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನೂ ಸರಿಪಡಿಸಬೇಕು. 1950ರ ಬ್ರೆಜಿಲ್ ವಿಶ್ವಕಪ್‌ಗೆ ಭಾರತ ಹೋಗದಿರಲು ಬರಿಗಾಲೇ ಕಾರಣ ಎಂದು ಹೇಳುವುದುಂಟು. ದೂರದ ಹಡಗಿನ ಪ್ರಯಾಣ ಮತ್ತು ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದೆಂಬ ಅಂದಿನ ಅಧಿಕಾರಿಗಳ ಎಣಿಕೆಯೂ ಅದಕ್ಕೆ ಕಾರಣಗಳಾಗಿದ್ದವು. ಬರಿಗಾಲಿನ ಕಥೆ ಹೇಳುವುದಕ್ಕೆ ಸುಲಭವಾದ್ದರಿಂದ ಉಳಿದುಕೊಂಡಿದೆ.

ಮೇಷ್ಟ್ರು ರಹೀಮ್ ಸಾಹೇಬರು

1951ರ ಚಿನ್ನದ ತಂಡಕ್ಕೆ ತರಬೇತಿ ಕೊಟ್ಟವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಎಲ್ಲರ ಬಾಯಲ್ಲಿ 'ರಹೀಮ್ ಸಾಬ್'. ಇವರು ವೃತ್ತಿಯಿಂದ ಶಾಲಾ ಶಿಕ್ಷಕರು. ನಮ್ಮಂತೆಯೇ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋದವರು. ಹತ್ತು ಗೋಲಿನ ಸೋಲನ್ನು ಅವರು ಪಾಠವಾಗಿ ತೆಗೆದುಕೊಂಡರು. ಬೂಟು ಹಾಕಿಸಿದರು, ಆಡುವ ಕ್ರಮ ಬದಲಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ರಾಜ್ಯದ ಎಂ. ಕೆಂಪಯ್ಯ ಆ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತಾದಲ್ಲಿ ಮತ್ತೆ ಏಷ್ಯನ್ ಚಿನ್ನ ಬಂತು. ಆಗಲೇ ಕ್ಯಾನ್ಸರ್ ಪೀಡಿತರಾಗಿದ್ದ ರಹೀಮ್ ಸಾಹೇಬರು 1963ರ ಜೂನ್‌ನಲ್ಲಿ ತೀರಿಕೊಂಡರು. ಶಾಲೆಯ ಮೇಷ್ಟ್ರೊಬ್ಬರು ದೇಶದ ಆಟವನ್ನು ಇಷ್ಟೆತ್ತರಕ್ಕೆ ಒಯ್ದರು ಎಂಬುದನ್ನು ನಾವು ಶಿಕ್ಷಕರು ಮರೆಯಬಾರದು.

ಹೋದ ದಾರಿಯಲ್ಲಿ ಬಂದವರು

ಅಹಮದ್ ಖಾನ್ ಕಲ್ಕತ್ತೆಗೆ ಹೋದ ದಾರಿಯಲ್ಲೇ ಮುಂದೆ ಬೇರೆ ದೇಶದವರು ಬಂದರು. 1980ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಇರಾನಿನ ಮಜೀದ್ ಬಿಷ್ಕರ್ ಮತ್ತು ಜಮ್ಷೀದ್ ನಾಸಿರಿ ಆಗ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ನೈಜೀರಿಯಾದ ಚಿಮಾ ಓಕೋರಿ ಕೂಡ ಭಾರತಕ್ಕೆ ಬಂದದ್ದು ಓದಲು. 1980ರ ದಶಕದ ನಡುವಿನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಿ, ನಂತರ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಪರವಾಗಿಯೂ ಆಡಿ ಕಲ್ಕತ್ತೆಯ ಮೂರೂ ದೊಡ್ಡ ತಂಡಗಳ ಅಭಿಮಾನಿಗಳ ಮನಸ್ಸು ಗೆದ್ದ. ಕೆಲಕಾಲ ಇಂಗ್ಲೆಂಡಿನಲ್ಲೂ ಆಡಿ ಮರಳಿದ. ನಮ್ಮ ಬೆಂಗಳೂರಿಗೂ ಒಬ್ಬರು ಬಂದರು. ನೈರೋಬಿಯಲ್ಲಿ ಹುಟ್ಟಿದ ಕೀನ್ಯಾದ ಕರ್ಟಿಸ್ ಒಸಾನೊ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ರಕ್ಷಣೆಯ ಸಾಲಿನಲ್ಲಿ ನಿಂತವರಲ್ಲಿ ಇವರೂ ಒಬ್ಬರು. 2015-16ರಲ್ಲಿ ಎರಡನೆಯ ಬಾರಿ ಗೆದ್ದಾಗಲೂ ಇದ್ದರು.

ಇವರೆಲ್ಲ ಹೆಸರು ಮಾಡಿದವರು. ಹೆಸರಿಲ್ಲದವರನ್ನು ನಾವು ಇನ್ನೂ ಹತ್ತಿರದಲ್ಲಿ ಕಾಣಬಹುದು. ಗುಂಡ್ಲುಪೇಟೆಯಿಂದ ತರಕಾರಿ ಲಾರಿಗಳು ಬಂಡೀಪುರ ದಾಟಿ ಕೇರಳಕ್ಕೆ ಹೋಗುವುದು ಎಲ್ಲರಿಗೂ ಗೊತ್ತು. ಆ ದಾರಿಯ ಆಚೆ ವಯನಾಡು, ಮಲಪ್ಪುರಂ ಕಡೆ ಸುಗ್ಗಿಯ ನಂತರ ಗದ್ದೆ, ಮೈದಾನಗಳಲ್ಲಿ ದೀಪ ಹಾಕಿ 'ಸೆವೆನ್ಸ್' ಆಡುತ್ತಾರೆ. ಬದಿಗೆ ಏಳೇ ಜನ. ಸಾವಿರಾರು ಜನ ನೋಡಲು ಬರುತ್ತಾರೆ. ಆ ತಂಡಗಳಿಗೆ ಘಾನಾ, ಐವರಿ ಕೋಸ್ಟ್, ಲೈಬೀರಿಯಾ, ನೈಜೀರಿಯಾಗಳಿಂದ ಹುಡುಗರನ್ನು ಕರೆಸುತ್ತಾರೆ. ಯಾವ ದೇಶದವನಾದರೂ ಅಲ್ಲಿನ ಜನರ ಬಾಯಲ್ಲಿ ಅವನು 'ಸುಡಾನಿ'. ಪಂದ್ಯಕ್ಕಿಷ್ಟು ಎಂದು ಹಣ. ಆಡಿದರೆ ಉಂಟು, ಗಾಯವಾದರೆ ಇಲ್ಲ. 1949ರ ಕಲ್ಕತ್ತೆಯ ಮೆಸ್ಸಿನ ಕಥೆಯೇ ಇಲ್ಲಿ ಬೇರೆ ಹೆಸರಿನಲ್ಲಿ ನಡೆಯುತ್ತಿದೆ.

2020ರಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ಪಂದ್ಯಗಳು ನಿಂತು ಇಂಥ ಅನೇಕರು ದಾರಿಗಾಣದೆ ಉಳಿದರು. ಘಾನಾದ ಯುವ ಆಟಗಾರನೊಬ್ಬ ಮುಂಬೈ ವಿಮಾನ ನಿಲ್ದಾಣದಲ್ಲೇ ಎರಡು ತಿಂಗಳಿಗೂ ಹೆಚ್ಚು ಕಾಲ ಕಳೆದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2024ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಐವರಿ ಕೋಸ್ಟಿನ ಆಟಗಾರನೊಬ್ಬನ ಬಣ್ಣವನ್ನು ಹೀಯಾಳಿಸಿ ಪ್ರೇಕ್ಷಕರು ಅವನ ಮೇಲೆ ಕೈ ಮಾಡಿದರು. ಕಲ್ಕತ್ತೆಯ ನಿರಾಶ್ರಿತರು ಬೆಂಗಳೂರಿನ ಅಹಮದ್‌ನನ್ನು ಪಾಂಡವನೆಂದು ಕರೆದರು. ನಾವು ನಮ್ಮ ಪಕ್ಕದ ಮೈದಾನಕ್ಕೆ ಬಂದ ಅತಿಥಿಯನ್ನು ಏನೆಂದು ಕರೆಯುತ್ತಿದ್ದೇವೆ ಎಂದು ಯೋಚಿಸಬೇಕು.

ನನ್ನ ತಪ್ಪು

ಇನ್ನು ನನ್ನ ಮಾತು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ತರಕಾರಿ ಲಾರಿಗೆ ಲೋಡು ಮಾಡುವವರು. ಹುಡುಗ ಓದಿನಲ್ಲಿ ಸಾಧಾರಣ, ಚೆಂಡು ಸಿಕ್ಕರೆ ಬೇರೆಯೇ ಮನುಷ್ಯ. ಒಮ್ಮೆ ನಾಲ್ಕು ದಿನ ಶಾಲೆಗೆ ಬರಲಿಲ್ಲ. ತಂದೆಯ ಪರಿಚಯದ ಲಾರಿ ಹತ್ತಿ ಕೇರಳಕ್ಕೆ ಸೆವೆನ್ಸ್ ನೋಡಲು ಹೋಗಿದ್ದ. ಬಂದ ದಿನ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಬೈದೆ. ಚೆಂಡು ಅನ್ನ ಹಾಕುತ್ತದೆಯೇ ಎಂದು ಕೇಳಿದೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಒಂದು ತಿಂಗಳಾಯಿತು.

ಕೊನೆಗೆ ಮನೆಗೆ ಹೋದೆ. ಅವನ ತಾಯಿ ಚಾಪೆ ಹಾಸಿ ಕೂರಿಸಿ ಚಹಾ ಕೊಟ್ಟು ಹೇಳಿದರು: "ಬೈಯೋದು ನಿಮ್ಮ ಹಕ್ಕು ಮೇಷ್ಟ್ರೇ. ಎಲ್ಲರ ಮುಂದೆ ಬೈಬಾರದಿತ್ತು." ನನ್ನ ಬಳಿ ಉತ್ತರವಿರಲಿಲ್ಲ. ಹುಡುಗ ಬಾಗಿಲ ಹಿಂದೆ ನಿಂತಿದ್ದ. ಕೇರಳದಲ್ಲಿ ಏನು ನೋಡಿದೆ ಎಂದು ಕೇಳಿದೆ. ಅವನು ಆಟದ ಬಗ್ಗೆ ಹೇಳಲಿಲ್ಲ. "ಒಬ್ಬ ಸುಡಾನಿ ಮಂಡಿ ನೋವು ಅಂತ ಹೊರಗಡೆ ಒಬ್ಬನೇ ಕೂತಿದ್ದ ಸಾರ್. ಯಾರೂ ಅವನ ಹತ್ರ ಮಾತಾಡ್ತಿರಲಿಲ್ಲ" ಎಂದ. ನಾಲ್ಕು ದಿನ ಶಾಲೆ ತಪ್ಪಿಸಿದ ಹುಡುಗ ನಾನು ಪಾಠದಲ್ಲಿ ಕಲಿಸಲಾಗದ್ದನ್ನು ನೋಡಿ ಬಂದಿದ್ದ.

ಅಂದು ಸಂಜೆ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಅವನು ಶಾಲೆಗೆ ಬರಬೇಕು, ನಾನು ಸಂಜೆ ಐದರ ಮೇಲೆ ಚೆಂಡಿಗೆ ಅಡ್ಡ ಬರಬಾರದು. ಅವನು ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಬಿಟ್ಟು ಉಳಿದೆಲ್ಲದರಲ್ಲಿ ಪಾಸಾದ. ಗಣಿತವನ್ನು ಪೂರಕ ಪರೀಕ್ಷೆಯಲ್ಲಿ ಮುಗಿಸಿದ. ಈಗ ಮುಂದೆ ಓದುತ್ತಿದ್ದಾನೆ, ಆಡುತ್ತಲೂ ಇದ್ದಾನೆ. ದೊಡ್ಡ ಆಟಗಾರನಾಗುತ್ತಾನೋ ಇಲ್ಲವೋ, ಯಾರಾದರೂ ಒಂದು ಕರಾರು ಪತ್ರ ಮುಂದಿಟ್ಟರೆ ಅದನ್ನು ಓದಿ ಅರ್ಥ ಮಾಡಿಕೊಂಡು ಸಹಿ ಹಾಕುವಷ್ಟು ಶಕ್ತನಂತೂ ಆಗಿದ್ದಾನೆ. ನನಗೆ ಅಷ್ಟು ಸಾಕು.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ನಾವು ಪುಸ್ತಕ, ಶುಲ್ಕ, ವಿದ್ಯಾರ್ಥಿವೇತನಕ್ಕೆ ಹಣ ಸಂಗ್ರಹಿಸುವಾಗ ಮಕ್ಕಳ ಆಟಕ್ಕೂ ಒಂದು ಸಣ್ಣ ಪಾಲು ಇಡೋಣ. ಹೆಣ್ಣುಮಕ್ಕಳ ಆಟಕ್ಕೂ. ವಿದ್ಯಾರ್ಥಿಗಳಿಗೆ ಹೇಳುವುದೂ ಇಷ್ಟೇ. ಆಡಿ, ಆದರೆ ಓದು ಬಿಡಬೇಡಿ. ತಾಲಿಮೆರೆನ್ ಆವೋ ವೈದ್ಯರು, ರಹೀಮ್ ಸಾಹೇಬರು ಶಿಕ್ಷಕರು, ಬಲೋಗನ್ ತರಬೇತಿಯ ವಿದ್ಯೆ ಕಲಿತು ನಾಡಿಗೆ ಮರಳಿದವರು. ಕಾಲಿನ ಆಟಕ್ಕೆ ಹತ್ತು ಹದಿನೈದು ವರ್ಷ ಆಯುಸ್ಸು. ಅದರ ನಂತರವೂ ಬದುಕಬೇಕು.

ಅಹಮದ್ ಖಾನ್ ಬದುಕಿದರು. ಆಟ ಮುಗಿಸಿ ಬೆಂಗಳೂರಿಗೆ ಮರಳಿ, 2017ರ ಆಗಸ್ಟ್ 27ರಂದು 90ನೆಯ ವಯಸ್ಸಿನಲ್ಲಿ ತಾವು ಹುಟ್ಟಿದ ಊರಿನಲ್ಲೇ ನಿಧನರಾದರು. ಅವರ ನಂತರ 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಮೇಘಾಲಯದೊಡನೆ 3-2ರ ಆ ಅಂತಿಮ ಪಂದ್ಯ ನಡೆದದ್ದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ. ನಮ್ಮ ಕಡೆಯ ಎಷ್ಟೋ ಮಂದಿ ಡ್ರೈವರ್ ಆಗಿ, ಕೂಲಿಯಾಗಿ ಹೋಗುವ ನಾಡು ಅದು. ಅಲ್ಲಿಗೆ ನಮ್ಮ ಹುಡುಗರು ಆಟಗಾರರಾಗಿ ಹೋಗಿ ಕಪ್ ತಂದರು.

ಈ ವರ್ಷವೂ ತರಗತಿಯಲ್ಲಿ ಪಾಂಡವರ ಪ್ರಸ್ತಾಪ ಬರುತ್ತದೆ. ಕಪ್ಪುಹಲಗೆಯ ಮೇಲೆ ನಾನು ಎರಡೂ ಪಟ್ಟಿಗಳನ್ನು ಬರೆಯುತ್ತೇನೆ.